ಹಳೆ ಫ್ರೆಂಚಿಗೆ ಜರ್ಮನ್ ನಿಘಂಟು: ಗುರು ಬಿಟ್ಟುಹೋದ ಚೀಟಿಗಳು, ಶಿಷ್ಯನ 60 ವರ್ಷ

842ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಆಣೆ ಮಾಡಿದರು. ಇಬ್ಬರೂ ರಾಜರು. ದೊಡ್ಡಣ್ಣನ ಮೇಲಿನ ಜಗಳದಲ್ಲಿ ನಾವಿಬ್ಬರೂ ಒಂದು ಅನ್ನುವುದೇ ಆಣೆ. ಒಬ್ಬನ ಆಣೆ ಇನ್ನೊಬ್ಬನ ಸೈನಿಕರಿಗೂ ಅರ್ಥವಾಗಬೇಕಲ್ಲ, ಅದಕ್ಕೆ ಭಾಷೆ ಅದಲು ಬದಲು ಮಾಡಿಕೊಂಡರು. ಪಶ್ಚಿಮದ ಚಾರ್ಲ್ಸ್ ಜರ್ಮನ್ ಮಾತಿನಲ್ಲಿ ಆಣೆಯಿಟ್ಟ. ಪೂರ್ವದ ಲುಡ್ವಿಗ್ ಫ್ರಾನ್ಸ್ ಕಡೆಯ ಆಡುಮಾತಿನಲ್ಲಿ ಇಟ್ಟ. ಆ ಮಾತೇ ಇವತ್ತಿಗೆ ನಮಗೆ ಸಿಕ್ಕಿರುವ ಅತಿ ಹಳೆಯ ಫ್ರೆಂಚ್ ಬರಹ. ಅದನ್ನು ಆಡಿದವನನ್ನು ಇತಿಹಾಸ ಕರೆಯುವುದು 'ಜರ್ಮನ್ ಲುಡ್ವಿಗ್' ಅಂತ!

ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಈ ತಮಾಷೆ ಇನ್ನೊಂದು ರೂಪದಲ್ಲಿ ಮರಳಿತು. ಹಳೆ ಫ್ರೆಂಚಿನ ಬಹುದೊಡ್ಡ ನಿಘಂಟುಗಳಲ್ಲಿ ಒಂದು ಹುಟ್ಟಿದ್ದು ಬರ್ಲಿನ್‌ನಲ್ಲಿ. ಪದಗಳು ಫ್ರೆಂಚ್, ಅರ್ಥ ಜರ್ಮನ್. ಅದನ್ನು ಸಂಪಾದಿಸುತ್ತಲೇ ಎರ್ಹಾರ್ಡ್ ಲೋಮಾಟ್ಶ್ ಎಂಬ ವಿದ್ವಾಂಸರ ಆಯಸ್ಸು ಮುಗಿದುಹೋಯಿತು. ಫ್ರೆಂಚರ ಹಳೆ ಮಾತಿನ ಮೇಲೆ ಜರ್ಮನ್ನರಿಗೆ ಯಾಕಿಷ್ಟು ಆಸ್ಥೆ?

ಅದಕ್ಕೆ ಬಾನ್ ಊರಿಗೆ ಹೋಗಬೇಕು. ಅಲ್ಲಿ ಫ್ರೀಡ್ರಿಚ್ ದೀಟ್ಸ್ ಎಂಬ ಮೇಷ್ಟ್ರಿದ್ದರು. 1818ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಕವಿ ಗಯಟೆಯನ್ನು ನೋಡಲು ಹೋಗಿದ್ದರು. ದಕ್ಷಿಣ ಫ್ರಾನ್ಸಿನ ಹಳೆ ಹಾಡುಗಾರರ ಬಗ್ಗೆ ಪ್ಯಾರಿಸ್‌ನಲ್ಲಿ ಬರುತ್ತಿರುವ ಸಂಗ್ರಹ ನೋಡು ಅಂತ ಗಯಟೆ ಹೇಳಿದರಂತೆ. ಬೀಜ ಫ್ರೆಂಚರದ್ದೇ, ಬೆಳೆ ಮಾತ್ರ ಬಾನ್‌ನಲ್ಲಿ. 1836ರಿಂದ 1844ರವರೆಗೆ ದೀಟ್ಸ್ ಮೂರು ಸಂಪುಟಗಳ ವ್ಯಾಕರಣ ಬರೆದರು. ಲ್ಯಾಟಿನ್ನಿನ ಮಕ್ಕಳಾದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ಯಾವ ಸದ್ದು ಎಲ್ಲಿ ಹೇಗೆ ಬದಲಾಯಿತು ಅಂತ ತೋರಿಸಿದರು. ಅಲ್ಲಿಗೆ ಹಳೆ ಫ್ರೆಂಚ್ ಓದುವುದು ಬಿಡುವಿನ ಹವ್ಯಾಸವಾಗಿ ಉಳಿಯಲಿಲ್ಲ, ವಿಶ್ವವಿದ್ಯಾಲಯದ ಕಸುಬಾಯಿತು. 1856ರಲ್ಲಿ ಗಾಸ್ತೋಂ ಪಾರಿ ಎಂಬ ಫ್ರೆಂಚ್ ಯುವಕನೂ ಓದಲು ಬಾನ್‌ಗೆ ಬಂದು ದೀಟ್ಸ್ ಪಾಠ ಕೇಳಿದ ಅಂದರೆ ಲೆಕ್ಕ ಹಾಕಿ.

ದೀಟ್ಸ್ ಅವರ ಇನ್ನೊಬ್ಬ ಶಿಷ್ಯ ಅಡಾಲ್ಫ್ ಟೋಬ್ಲರ್. ಸ್ವಿಟ್ಜರ್‌ಲೆಂಡ್‌ನವರು, 1867ರಿಂದ ಬರ್ಲಿನ್‌ನಲ್ಲಿ ಪಾಠ. ಇವರದು ಚೀಟಿ ಬರೆಯುವ ಗೀಳು. ಹಳೆ ಕಾವ್ಯ ಓದುವುದು, ಪದ ಕಂಡರೆ ಸಾಲಿನ ಸಮೇತ ಚೀಟಿಯಲ್ಲಿ ಇಳಿಸುವುದು. ಸುಮ್ನೆ ಕೇಳಿದರೆ ಸುಲಭ ಅನಿಸುತ್ತದೆ. ಆದರೆ ಆ ಕಾಲಕ್ಕೆ ಒಂದು ಕಾಗುಣಿತ ಅಂತ ಇರಲಿಲ್ಲ. ರಾಜನನ್ನು ಒಬ್ಬ 'ರೈ' ಅಂತ ಬರೆದರೆ ಇನ್ನೊಬ್ಬ 'ರೋಯ್' ಅಂತ ಬರೆಯುತ್ತಿದ್ದ. ಜೊತೆಗೆ ಕರ್ತೃವಾಗಿ ಬಂದರೆ ಒಂದು ರೂಪ, ಕರ್ಮವಾಗಿ ಬಂದರೆ ಇನ್ನೊಂದು.

ಅರ್ಥದ ಮೋಸ ಇನ್ನೂ ಜಾಸ್ತಿ. ಇವತ್ತು ಫ್ರೆಂಚಿನಲ್ಲಿ 'ವಿಯಾಂದ್' ಅಂದರೆ ಮಾಂಸ. ಆಗ ಯಾವ ಆಹಾರವಾದರೂ ವಿಯಾಂದೇ. ಇವತ್ತು 'ದಾಂಜೆ' ಅಂದರೆ ಅಪಾಯ. ಆಗ ಅದಕ್ಕೆ ಒಡೆಯನ ಅಧಿಕಾರ ಅನ್ನುವ ಅರ್ಥವಿತ್ತು. ಒಡೆಯನ ಕೈಗೆ ಸಿಕ್ಕಿಬಿದ್ದವನಿಗೆ ಅಪಾಯ ತಾನೇ! ಹೀಗಾಗಿ ಪದವೊಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಸಾಲಿನ ಸಮೇತ ಹಿಡಿಯದೆ ಬೇರೆ ದಾರಿಯಿರಲಿಲ್ಲ.

ಫ್ರೆಂಚರೇನೂ ಕೈಕಟ್ಟಿ ಕೂತಿರಲಿಲ್ಲ. 1870ರ ಡಿಸೆಂಬರ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ಕೂತಿದ್ದಾಗ, ಒಳಗೆ ಅದೇ ಗಾಸ್ತೋಂ ಪಾರಿ ರೋಲಾಂ ವೀರಕಾವ್ಯದ ಮೇಲೆ ಉಪನ್ಯಾಸ ಕೊಡುತ್ತಿದ್ದರು. ಆ ವೇಳೆಗೆ ಹಳೆ ಕಾವ್ಯ ದೇಶದ ಮಾನದ ಪ್ರಶ್ನೆಯಾಗಿತ್ತು. 1872ರಲ್ಲಿ ಅವರೂ ಪಾಲ್ ಮೆಯೆರ್ ಅವರೂ ಸೇರಿ ತಮ್ಮದೇ ಪತ್ರಿಕೆ ಶುರು ಮಾಡಿದರು. 1880ರಿಂದ ಗೋದ್‌ಫ್ರ್ವಾ ಎಂಬುವರ ಹತ್ತು ಸಂಪುಟಗಳ ನಿಘಂಟೂ ಬಂತು. ಆದರೆ ಅದರ ಮುಖ್ಯ ಭಾಗದಲ್ಲಿ ಸತ್ತುಹೋದ ಪದಗಳಿಗೇ ಜಾಗ. ಬದುಕುಳಿದು ಅರ್ಥ ಬದಲಿಸಿಕೊಂಡವು ಬಹಳಷ್ಟು ಹೊರಗೇ ಉಳಿದವು. ಟೋಬ್ಲರ್ ಚೀಟಿಗಳ ಬೆಲೆ ಇರುವುದು ಅಲ್ಲೇ.

1910ರಲ್ಲಿ ಟೋಬ್ಲರ್ ತೀರಿಕೊಂಡರು. ಚೀಟಿಗಳು ಉಳಿದವು, ನಿಘಂಟು ಆಗಿರಲಿಲ್ಲ. ಆ ರಾಶಿ ಲೋಮಾಟ್ಶ್ ಕೈಗೆ ಬಂತು. 1886ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. ಮಧ್ಯಯುಗದ ಫ್ರೆಂಚ್ ಸಾಹಿತ್ಯದಲ್ಲಿ ಜನ ಹೇಗೆ ಕೈಸನ್ನೆ, ಮೈಸನ್ನೆ ಮಾಡುತ್ತಿದ್ದರು ಅನ್ನುವುದರ ಮೇಲೆ ಅದೇ 1910ರಲ್ಲಿ ಪ್ರಬಂಧ ಬರೆದಿದ್ದರು. ಎಷ್ಟು ಸೊಗಸಾದ ವಿಷಯ, ಅಲ್ವಾ? ಅದನ್ನೇ ಬೆಳೆಸಿದ್ದರೆ ಅವರ ಹೆಸರು ಒಂಟಿಯಾಗಿ ಉಳಿಯುತ್ತಿತ್ತೋ ಏನೋ. ಈಗ ಓದುವವರೆಲ್ಲ 'ಟೋಬ್ಲರ್-ಲೋಮಾಟ್ಶ್' ಅಂತ ಒಂದೇ ಉಸಿರಿನಲ್ಲಿ ಕರೆಯುತ್ತಾರೆ, ಗುರುವಿನ ಹೆಸರು ಮೊದಲು.

ಮೊದಲ ಕಂತು ಬಂದದ್ದು 1915ರಲ್ಲಿ. ರಣರಂಗದಲ್ಲಿ ಜರ್ಮನ್ನರೂ ಫ್ರೆಂಚರೂ ಕಂದಕ ತೋಡಿಕೊಂಡು ಗುಂಡು ಹಾರಿಸುತ್ತಿದ್ದರು. ಬರ್ಲಿನ್‌ನಲ್ಲಿ 29ರ ಪ್ರಾಯದವರೊಬ್ಬರು ಫ್ರೆಂಚ್ ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಅಚ್ಚಿಗೆ ಕೊಡುತ್ತಿದ್ದರು. ಎ, ಬಿ ಅಕ್ಷರಗಳ ಸಂಪುಟ 1925ಕ್ಕೆ, ಸಿ, ಡಿ 1936ಕ್ಕೆ ಮುಗಿದವು. ಆಮೇಲೆ ದೊಡ್ಡ ಕಂದರ.

ಆ ಕಂದರದಲ್ಲಿ ಈ ವಿದ್ಯೆಯೇ ಒಡೆದುಹೋಯಿತು. ಹಿಟ್ಲರ್ ಸರ್ಕಾರ ಯಹೂದಿ ಮೂಲದ ಪ್ರಾಧ್ಯಾಪಕರನ್ನು ಹೊರಹಾಕಿತು. ಲಿಯೋ ಸ್ಪಿಟ್ಸರ್, ಆಮೇಲೆ ಎರಿಕ್ ಔಅರ್‌ಬಾಖ್ ಇಸ್ತಾಂಬುಲ್‌ಗೆ ಹೋದರು. ಡ್ರೆಸ್ಡೆನ್‌ನಲ್ಲಿ ವಿಕ್ಟರ್ ಕ್ಲೆಂಪರರ್ ಕೆಲಸ ಕಳೆದುಕೊಂಡರು. ಬಾನ್‌ನಲ್ಲಿ ಶುರುವಾದ ಪರಂಪರೆಯ ಒಂದು ಪಾಲು ಮುಂದೆ ಅಮೆರಿಕದಲ್ಲಿ ಬೆಳೆಯಿತು.

ಇ, ಎಫ್ ಅಕ್ಷರಗಳ ಸಂಪುಟ ಮುಗಿದದ್ದು 1954ರಲ್ಲಿ. ಆಗ ಲೋಮಾಟ್ಶ್‌ಗೆ 68. ಬೇರೆಯವರು ಕೈ ತೊಳೆದುಕೊಳ್ಳುವ ವಯಸ್ಸು. ಇವರು ಅಲ್ಲಿಂದ ಓಟ ಶುರು ಮಾಡಿದರು. ಮೊದಲ 40 ವರ್ಷದಲ್ಲಿ ಆರು ಅಕ್ಷರ ದಾಟಿದ್ದವರು ಮುಂದಿನ 20 ವರ್ಷದಲ್ಲಿ ಹದಿಮೂರು ದಾಟಿದರು! 1973ಕ್ಕೆ ಎಸ್ ಮುಗಿಯಿತು. 1975ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಿಘಂಟು ಟಿ ಅಕ್ಷರದ ಹತ್ತಿರ ನಿಂತಿತ್ತು. ಕತೆಗಳಿಂದ ನಮಗೆ ಗೊತ್ತಿರುವ ಯಾಕೋಬ್ ಗ್ರಿಮ್ ಅವರ ಪಾಡೂ ಇದೇ. ಅವರು ತಮ್ಮ ಜರ್ಮನ್ ನಿಘಂಟಿನ ಎಫ್ ಅಕ್ಷರದಲ್ಲೇ ನಿಂತರು.

ಚೀಟಿಗಳು ಮತ್ತೊಮ್ಮೆ ಕೈ ಬದಲಿಸಿದವು. ಈ ಸಲ ಟ್ಯೂಬಿಂಗೆನ್‌ನ ಹಾನ್ಸ್ ಹೆಲ್ಮುಟ್ ಕ್ರಿಸ್ಟ್‌ಮನ್ ಸರದಿ. ಊರಿನ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ಮಂಗಳೂರಿನಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದ ಕಿಟ್ಟೆಲ್ ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟ ಊರು ಅದೇ. ಅವರು ಕೊನೆಯುಸಿರೆಳೆದದ್ದೂ ಅಲ್ಲೇ. ಕ್ರಿಸ್ಟ್‌ಮನ್ ಟಿ ಅಕ್ಷರದ ಸಂಪುಟವನ್ನು 1976ಕ್ಕೆ ಮುಗಿಸಿದರು, ಮುಂದಿನದಕ್ಕೆ ಕೈಹಾಕಿದರು, 1995ರಲ್ಲಿ ಅವರೂ ಹೋದರು. ಕೊನೆಯ ಅಕ್ಷರಗಳನ್ನು ದಡ ಮುಟ್ಟಿಸಿದವರು ರಿಚರ್ಡ್ ಬೌಮ್ ಮತ್ತು ವಿಲ್ಲಿ ಹಿರ್ಟ್. 2002ರಲ್ಲಿ ಝಡ್ ಮುಗಿಯಿತು. ಮೊದಲ ಕಂತಿನಿಂದ 87 ವರ್ಷ. ಅದೇ ವರ್ಷ ಇಡೀ ನಿಘಂಟು ಸಿಡಿಗಳಲ್ಲೂ ಬಂತು.

ಅರ್ಥ ಮಾತ್ರ ಈಗಲೂ ಜರ್ಮನ್ನಿನಲ್ಲೇ ಇದೆ. ಪ್ಯಾರಿಸ್‌ನ ವಿದ್ಯಾರ್ಥಿನಿ ತನ್ನ ಮುತ್ತಜ್ಜಂದಿರ ಪದವೊಂದನ್ನು ಇದರಲ್ಲಿ ಹುಡುಕಿದರೆ, ಇನ್ನೊಂದು ಜರ್ಮನ್ ನಿಘಂಟನ್ನೂ ಪಕ್ಕದಲ್ಲಿ ಬಿಚ್ಚಿಟ್ಟುಕೊಳ್ಳಬೇಕು.