ಬಂಡೆಯನ್ನು ತಟ್ಟಿ ನೋಡುವ ವಿದ್ಯೆ

ಚಿತ್ರದುರ್ಗದ ಕೋಟೆಗೋಡೆಗಳನ್ನು ಹಗ್ಗದ ಆಸರೆಯಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ಕಂಡು ಬೆರಗಾದ ಹುಡುಗ ಹುಡುಗಿಯರು ನಮ್ಮ ಆರೋಹಣ ಸಂಘಕ್ಕೆ ಬಂದಾಗ, ಬೆರಳಿಗೆ ಅಷ್ಟು ಬಲ ಬರಲು ಏನು ಮಾಡಬೇಕೆಂದು ಮೊದಲು ಕೇಳುತ್ತಾರೆ. ಬಲ ಅಭ್ಯಾಸದಿಂದ ತಾನಾಗಿ ಬರುತ್ತದೆ. ಕಲ್ಲನ್ನು ಪರೀಕ್ಷಿಸುವ ರೂಢಿಯನ್ನು ಮಾತ್ರ ಮೊದಲ ದಿನದಿಂದಲೇ ಬೆಳೆಸಬೇಕು ಎಂಬುದು ತರಬೇತುದಾರನಾಗಿ ನನ್ನ ದೃಢವಾದ ನಂಬಿಕೆ.

ದುರ್ಗದ ಗ್ರಾನೈಟ್ ಸುಮಾರು 260 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಘನೀಭವಿಸಿದ ಕಲ್ಲು. ಮೇಲಿದ್ದ ಭಾರ ಸವೆದುಹೋದಂತೆಲ್ಲ ಅದು ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಟ್ಟು, ಪದರ ಪದರವಾಗಿ ಏಳುತ್ತದೆ. ಹಗಲಿನ ಕಾವು, ರಾತ್ರಿಯ ತಂಪು, ಬಿರುಕಿಗೆ ಇಳಿದ ಮಳೆನೀರು ಈ ಕೆಲಸವನ್ನು ಮುಂದುವರಿಸುತ್ತವೆ. ಹರಳುಗಳ ಒರಟು ಮೈ ಕಾಲಿಗೆ ಒಳ್ಳೆಯ ಹಿಡಿತ ಕೊಡುವುದರಿಂದ ಹೊಸಬರು ಈ ಕಲ್ಲನ್ನು ಬೇಗ ನಂಬಿಬಿಡುತ್ತಾರೆ. ಆದರೆ ಕೈಗೆ ಅತ್ಯಂತ ಅನುಕೂಲವಾಗಿ ಸಿಗುವ ಅಂಚು ಎಷ್ಟೋ ಸಲ ಇಂಥ ಎದ್ದ ಚಕ್ಕೆಯದೇ ಆಗಿರುತ್ತದೆ.

ಸಂತೆಯಲ್ಲಿ ಗಡಿಗೆಯನ್ನು ಬಾರಿಸಿ ನೋಡಿ ಕೊಳ್ಳುವಂತೆ, ಚಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು. ಆಗ ಇನ್ನೊಂದು ಅಂಗೈ ಅದರ ಮೇಲೆಯೇ ಇರಬೇಕು. ಬುಡದ ಬಂಡೆಗೆ ಕೂಡಿಕೊಂಡ ಕಲ್ಲು ಮೊಂಡಾದ ಸದ್ದು ಕೊಡುತ್ತದೆ, ಅಂಗೈಗೆ ಏನೂ ತಿಳಿಯುವುದಿಲ್ಲ. ಟೊಳ್ಳಾದದ್ದು ಗುಂಯ್‌ಗುಟ್ಟುತ್ತದೆ, ಅದುರು ಅಂಗೈಗೆ ತಾಕುತ್ತದೆ. ಬಿರುಕಿನ ಅಂಚಿನಲ್ಲಿ ಹೊಸ ಪುಡಿ ಉದುರಿದ್ದರೆ ಅದು ಈಚೆಗೆ ಕದಲಿದೆಯೆಂದೇ ತಿಳಿಯಬೇಕು. ಅಂಥ ಚಕ್ಕೆಯನ್ನು ಎಂದಿಗೂ ಹೊರಕ್ಕೆ ಎಳೆಯಬಾರದು. ಕೆಳಗೆ ಹಗ್ಗ ಹಿಡಿದವರು ಅದರ ನೇರಕ್ಕೆ ನಿಲ್ಲದಂತೆ ಕೂಗಿ ಹೇಳಿ, ಪಕ್ಕದ ದಾರಿ ಹಿಡಿಯಬೇಕು.

ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಮೊಳೆ ಹೊಡೆಯುವ, ಕಲ್ಲು ಕೊರೆಯುವ ಮಾತೇ ಇಲ್ಲ. ಹೊರಗಿನ ಬಂಡೆಗಳಲ್ಲಿ ಅಭ್ಯಾಸ ಮಾಡುವಾಗಲೂ ನಾವು ಮೇಲಿನ ಭದ್ರವಾದ ಗುಂಡುಕಲ್ಲುಗಳನ್ನು ಬಳಸಿ ಹಗ್ಗ ಕಟ್ಟುತ್ತೇವೆ, ಹಗ್ಗ ಉಜ್ಜುವ ಅಂಚಿಗೆ ದಪ್ಪ ಕ್ಯಾನ್ವಾಸ್ ಹಾಸುತ್ತೇವೆ. ಹತ್ತುವ ಹಗ್ಗ ಹಿಗ್ಗುವಂಥದ್ದೇ ಆಗಿರಬೇಕು. ಬಿದ್ದವರ ಭಾರದ ಪೆಟ್ಟನ್ನು ಆ ಹಿಗ್ಗುವಿಕೆಯೇ ನುಂಗುತ್ತದೆ. ಗವಿಗೆ ಇಳಿಯಲು ಬಳಸುವ, ಹೆಚ್ಚು ಹಿಗ್ಗದ ಹಗ್ಗವನ್ನು ನಂಬಿ ಮೇಲೇರಿ ಬಿದ್ದರೆ ಆ ಪೆಟ್ಟು ನೇರವಾಗಿ ಸೊಂಟಕ್ಕೂ ಬೆನ್ನಿಗೂ ಬರುತ್ತದೆ. ಪ್ರತಿ ಸಲ ಸುತ್ತಿಡುವ ಮೊದಲು ಹಗ್ಗವನ್ನು ಉದ್ದಕ್ಕೂ ಬೆರಳುಗಳ ನಡುವೆ ಹಾಯಿಸಿ ನೋಡುತ್ತೇವೆ. ಹೊರಗಿನ ಹೆಣಿಗೆ ಚೆನ್ನಾಗಿದ್ದರೂ ಒಂದೆಡೆ ಮೆತ್ತಗಾಗಿ ಮಡಿಚಿಕೊಂಡರೆ ಒಳಗಿನ ಎಳೆಗಳು ಹಾಳಾಗಿರುವ ಸಂಭವವಿರುತ್ತದೆ. ಅಂಥದ್ದನ್ನು ತುಂಡು ಮಾಡಿ, ಗಂಟು ಕಲಿಯುವವರಿಗೆ ಕೊಡುತ್ತೇವೆ.

ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಹೋಗುವುದಿಲ್ಲ. ಹಗ್ಗದಲ್ಲಿ ತೂಗುತ್ತಿರುವವರಿಗೆ ಓಡಲು ಜಾಗವಿರುವುದಿಲ್ಲ.

ಗವಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸುಣ್ಣಕಲ್ಲಿನ ನಾಡುಗಳಲ್ಲಿ ನೀರು ಕಲ್ಲನ್ನು ಕರಗಿಸಿ ಗವಿ ಮಾಡುತ್ತದೆ. ನಮ್ಮ ಬೆಟ್ಟಗಳ ಬಹುಪಾಲು ಗವಿಗಳು ಒಂದಕ್ಕೊಂದು ಒರಗಿ ನಿಂತ ಹೆಬ್ಬಂಡೆಗಳ ನಡುವಿನ ಸಂದುಗಳು. ಆದ್ದರಿಂದ ಒಳಗೆ ಸಿಕ್ಕಿಕೊಂಡ ಸಣ್ಣ ಕಲ್ಲನ್ನು ದಾರಿಗಾಗಿ ಸರಿಸುವುದೂ ಅಪಾಯ; ಮೇಲಿನ ಭಾರಕ್ಕೆ ಅದೇ ಆಸರೆಯಾಗಿರಬಹುದು. ಚಂದ್ರವಳ್ಳಿಯ ಅಂಕಲಿ ಮಠದ ಕತ್ತಲ ಕೋಣೆಗಳಲ್ಲಿ ನಡೆದವರಿಗೆ ಬೆಳಕಿನ ಬೆಲೆ ಗೊತ್ತಿರುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಮೂರು ದೀಪಗಳಿರಬೇಕು, ಯಾರದೇ ಒಂದು ಕೆಟ್ಟರೂ ಎಲ್ಲರೂ ಹಿಂದಿರುಗಬೇಕು. ಬಾವಲಿಗಳಿದ್ದಲ್ಲಿ ಟಾರ್ಚನ್ನು ಮೇಲಕ್ಕೆ ಹಿಡಿಯುವುದಿಲ್ಲ; ಬೆದರಿದ ತಾಯಿಯಿಂದ ಮರಿ ಜಾರಿ ಬಿದ್ದರೆ ಅದು ಬದುಕುವುದು ಕಷ್ಟ. ಗವಿಯ ಬಾಯಲ್ಲಿ ಕರಡಿಯ ಹೆಜ್ಜೆಯೋ ಹಸಿ ಹಿಕ್ಕೆಯೋ ಕಂಡರೆ, ಒಳಗೆ ಇಣುಕದೆ ಸದ್ದಿಲ್ಲದೆ ಇಳಿದು ಬಂದು ಅರಣ್ಯ ಇಲಾಖೆಯವರಿಗೆ ತಿಳಿಸುತ್ತೇವೆ.