ಹೊರದೇಶಗಳಿಗೆ ನೆರವು: ಯಾವಾಗ ನ್ಯಾಯ, ಯಾವಾಗ ಅಲ್ಲ

ಕೇಂದ್ರ ಬಜೆಟ್ ಮಂಡನೆಯಾದ ಮೇಲೆ ರಾಯಚೂರಿನ ಸಭೆಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ. ನಮ್ಮ ಜಿಲ್ಲೆಯೇ 2018ರಿಂದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ, ಎಂದರೆ ಕೇಂದ್ರ ಗುರುತಿಸಿದ ಹಿಂದುಳಿದ ಜಿಲ್ಲೆಗಳ, ಪಟ್ಟಿಯಲ್ಲಿರುವಾಗ ಭೂತಾನಿಗೆ, ಮಾಲ್ಡೀವ್ಸ್‌ಗೆ ಹಣ ಕೊಡುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಸಂಕುಚಿತವೆಂದು ತಳ್ಳಿಹಾಕುವುದು ಸರಿಯಲ್ಲ. 2025-26ರ ಬಜೆಟ್‌ನ ಒಟ್ಟು ಗಾತ್ರ 50 ಲಕ್ಷ ಕೋಟಿ ರೂಪಾಯಿ ದಾಟಿದ್ದರೆ, ಅದರಲ್ಲಿ ಹೊರದೇಶಗಳ ನೆರವಿಗೆ ಇಟ್ಟದ್ದು ಸುಮಾರು 5,483 ಕೋಟಿ. ಎಂದರೆ ನೂರು ರೂಪಾಯಿಗೆ ಹನ್ನೊಂದು ಪೈಸೆ. ದೇವದುರ್ಗದ ಅಂಗನವಾಡಿಯಲ್ಲಿ ಕೊರತೆಯಿದ್ದರೆ ಅದಕ್ಕೆ ಈ ಹನ್ನೊಂದು ಪೈಸೆ ಕಾರಣವಲ್ಲ. ಆದರೆ ಮೊತ್ತ ಸಣ್ಣದು ಎಂದಮಾತ್ರಕ್ಕೆ ಕೊಟ್ಟದ್ದು ಸರಿಯಾಗುವುದಿಲ್ಲ.

ನೀರಾವರಿ ಕಾಮಗಾರಿಗಳ ಮೌಲ್ಯಮಾಪನ ನನ್ನ ವೃತ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ಹೋದರೆ, ಸಿಮೆಂಟ್ ಲೈನಿಂಗ್ ಮುಗಿದು ಹೊಸದಾಗಿ ಹೊಳೆಯುವ ಉಪಕಾಲುವೆಯಲ್ಲಿ ನೀರೇ ಇಲ್ಲದಿರುವುದನ್ನು ಕಾಣಬಹುದು. ಮೇಲ್ಭಾಗದಲ್ಲಿ ಭತ್ತ ಹಾಕಿರುತ್ತಾರೆ. ತೂಬಿನ ಗೇಟಿಗೆ ತುಕ್ಕು ಹಿಡಿದಿರುತ್ತದೆ. ಅದನ್ನು ಎತ್ತಿಳಿಸುವ ಹೊಣೆ ಯಾರದೆಂದು ರೈತರನ್ನು ಯಾರೂ ಕೇಳಿರುವುದಿಲ್ಲ. ಹಣ ಖರ್ಚಾಗಿದೆ, ಕಡತದಲ್ಲಿ ಕಾಮಗಾರಿ ಪೂರ್ಣಗೊಂಡಿದೆ. ದೇಶದೇಶಗಳ ನಡುವಿನ ನೆರವನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ: ಬೇಕೆಂದು ಕೇಳಿದವರು ಯಾರು, ಕೊಟ್ಟವರು ಹೊರಟ ಮೇಲೆ ಅದನ್ನು ನಡೆಸುವವರು ಯಾರು?

ಭೂತಾನಿನ ಚುಖಾ ಜಲವಿದ್ಯುತ್ ಯೋಜನೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 336 ಮೆಗಾವಾಟ್ ಸಾಮರ್ಥ್ಯದ ಆ ಯೋಜನೆಗೆ ಭಾರತ ಶೇ 60ರಷ್ಟನ್ನು ಅನುದಾನವಾಗಿ, ಉಳಿದ ಶೇ 40ರಷ್ಟನ್ನು ಸಾಲವಾಗಿ ಕೊಟ್ಟಿತು. ಮುಂದೆ ಅದನ್ನು ಭೂತಾನಿಗೇ ಒಪ್ಪಿಸಿತು. ಹೆಚ್ಚುವರಿ ವಿದ್ಯುತ್ತನ್ನು ತಾನೇ ಖರೀದಿಸಿತು. ಇದರಲ್ಲಿ ನಮ್ಮ ಲಾಭವೂ ಇದೆಯಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ಲಾಭವನ್ನು ಮುಚ್ಚಿಡದೆ ಒಪ್ಪಂದದಲ್ಲೇ ಬರೆದು, ಪಡೆದವರ ಕೈಗೆ ಆದಾಯದ ಮೂಲವೊಂದನ್ನು ಉಳಿಸಿ ಬಂದರೆ ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಬ್ರಿಟನ್ ಕೊಟ್ಟ ನೆರವು ಬೇರೆಯೇ ಜಾತಿಯದು. ಶಸ್ತ್ರಾಸ್ತ್ರ ಮಾರಾಟದೊಂದಿಗೆ ತಳುಕು ಹಾಕಿಕೊಂಡಿದ್ದ, ಆರ್ಥಿಕವಾಗಿ ಯೋಗ್ಯವಲ್ಲವೆಂದು ಬ್ರಿಟನ್ನಿನ ಅಧಿಕಾರಿಗಳೇ ಎಚ್ಚರಿಸಿದ್ದ ಆ ನೆರವನ್ನು 1994ರಲ್ಲಿ ಲಂಡನ್ನಿನ ಹೈಕೋರ್ಟ್ ಕಾನೂನುಬಾಹಿರವೆಂದು ಹೇಳಿತು.

ಪಡೆಯುವವರ ಸಂಕಟ ನಮಗೆ ಹೊಸದಲ್ಲ. ಸರ್ಕಾರಿ ಶಾಲೆಯಲ್ಲಿ ಅಮೆರಿಕದ ನೆರವು ಸಂಸ್ಥೆ ‘ಕೇರ್’ ಕೊಟ್ಟ ಗೋಧಿ ಉಪ್ಪಿಟ್ಟು ತಿಂದು ಬೆಳೆದವರು ಈ ಭಾಗದಲ್ಲಿ ಇಂದಿಗೂ ಸಾಕಷ್ಟು ಮಂದಿ ಇದ್ದಾರೆ; ಆ ಉಪ್ಪಿಟ್ಟು ಮಕ್ಕಳನ್ನು ಶಾಲೆಯಲ್ಲಿ ಉಳಿಸಿತು ಎಂಬುದನ್ನು ಮರೆಯಬಾರದು. ಆದರೆ 1965-66ರ ಬರಗಾಲದಲ್ಲಿ, ಅಮೆರಿಕದ ಆಹಾರ ನೆರವಿನ ಕಾನೂನಾದ ಪಿ.ಎಲ್. 480 ಅಡಿಯಲ್ಲಿ ಬರಬೇಕಿದ್ದ ಗೋಧಿಯನ್ನು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಒಮ್ಮೆಗೇ ಬಿಡದೆ ಕಂತು ಕಂತಾಗಿ ಬಿಡುತ್ತ, ನಮ್ಮ ಕೃಷಿ ನೀತಿಯ ಮೇಲೆ ಒತ್ತಡ ಹೇರಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತೂ ಅವರ ಅಸಮಾಧಾನಕ್ಕೆ ಕಾರಣವಾಗಿತ್ತು. ಹಸಿದವರ ತುತ್ತನ್ನು ಚೌಕಾಸಿಗೆ ಬಳಸುವ ನೆರವು, ಎಷ್ಟೇ ಹೊಟ್ಟೆ ತುಂಬಿಸಿದರೂ, ನ್ಯಾಯದ್ದಲ್ಲ. ಈ ಕಾರಣಕ್ಕಾಗಿಯೇ, ತಾಲಿಬಾನ್ ಆಡಳಿತಕ್ಕೆ ಮಾನ್ಯತೆ ಕೊಡದಿದ್ದಾಗಲೂ ಭಾರತ 2022ರಲ್ಲಿ ಅಫ್ಘಾನಿಸ್ತಾನದ ಜನರಿಗೆಂದು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಗೋಧಿ ಕಳಿಸಿದ್ದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಭೂಕಂಪ, ನೆರೆಗಳ ಹೊತ್ತಿನಲ್ಲಂತೂ ಚರ್ಚೆಗೇ ಅವಕಾಶವಿಲ್ಲ. ಅಲ್ಲಿ ತಡವಾಗಿ ತಲುಪುವುದೊಂದೇ ತಪ್ಪು.

ನಮ್ಮ ಸರ್ಕಾರ ಸರಿಪಡಿಸಿಕೊಳ್ಳಬೇಕಾದದ್ದೂ ಇದೆ. ಸರ್ಕಾರಿ ಸ್ವಾಮ್ಯದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಮೂಲಕ ಹೊರದೇಶಗಳಿಗೆ ನೀಡುವ ರಿಯಾಯಿತಿ ಸಾಲಗಳಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಸರಕು, ಸೇವೆಗಳನ್ನು ಭಾರತದಿಂದಲೇ ಕೊಳ್ಳಬೇಕೆಂಬ ಷರತ್ತಿರುತ್ತದೆ. ಪಡೆಯುವ ದೇಶದಲ್ಲೇ ಅಗ್ಗವಾಗಿ ಸಿಗುವ ವಸ್ತುವಿಗೂ ಇದು ಅನ್ವಯಿಸಿದರೆ ಸಾಲದ ಹೊರೆ ಹೆಚ್ಚುತ್ತದೆ, ಅಲ್ಲಿನ ಉತ್ಪಾದಕನಿಗೆ ಪೆಟ್ಟು ಬೀಳುತ್ತದೆ. ಈ ಪ್ರಮಾಣ ಇಳಿಯಬೇಕು. ಜೊತೆಗೆ, ಪ್ರತಿ ದೊಡ್ಡ ಯೋಜನೆಯನ್ನೂ ಹಸ್ತಾಂತರವಾದ ಐದು ವರ್ಷಕ್ಕೆ ಮತ್ತೆ ಸ್ಥಳದಲ್ಲೇ ಪರಿಶೀಲಿಸಿ, ಅದನ್ನು ಬಳಸುವ ಜನರ ಹೇಳಿಕೆಗಳೊಂದಿಗೆ ವರದಿಯನ್ನು ಸಂಸತ್ತಿನ ಮುಂದಿಡಬೇಕು. ಹಾಗಾದರೆ ರಾಯಚೂರಿನ ತೆರಿಗೆದಾರನ ಪ್ರಶ್ನೆಗೆ ಕೊಡಲು ಸರ್ಕಾರದ ಕೈಯಲ್ಲಿ ಲಿಖಿತ ಉತ್ತರವಿರುತ್ತದೆ.