ಪಿಎಚ್‌ಪಿ: ಮೆಸೇಜಿನೊಳಗಿನ ದರವನ್ನಷ್ಟೇ ಹೊರಗೆ ತೆಗೆಯುವುದು ಹೇಗೆ?

ಪ್ರಶ್ನೆ: ಕಲಬುರಗಿ ಗಂಜಿನ ಅಡತ್ ಅಂಗಡಿಗೆ ಪಿಎಚ್‌ಪಿ ಭಾಷಾದಾಗ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡ್ಲಾಕತ್ತೀನಿ. ‘ತೊಗರಿ 25 ಚೀಲ, ಕ್ವಿಂಟಲ್‌ಗೆ ರೂ. 7,550.50’ ಅಂತ ಮೆಸೇಜ್ ಬರ್ತಾವ. ದರ ಅಷ್ಟೇ ತಗೊಳ್ಳೋದು ಹ್ಯಾಂಗ?

ಉತ್ತರ: ಇಂಟ್ ಕಾಸ್ಟ್ ಮಾಡಿದರೆ (ಪಠ್ಯವನ್ನು ಪೂರ್ಣಾಂಕವಾಗಿ ಬದಲಿಸಿದರೆ) ಆಗುವುದಿಲ್ಲ. ಅದು ಸಾಲಿನ ಶುರುವಿನಲ್ಲೇ ಅಂಕಿ ಇದ್ದರೆ ಮಾತ್ರ ಓದುತ್ತದೆ: ‘25 ಚೀಲ’ಕ್ಕೆ 25 ಬರುತ್ತದೆ, ‘ತೊಗರಿ 25’ಕ್ಕೆ 0. ‘7,550’ ಕೊಟ್ಟರೆ ಅಲ್ಪವಿರಾಮದ ಹತ್ತಿರ ನಿಂತು 7 ಅನ್ನುತ್ತದೆ.

ಅಂಕಿ ಅಲ್ಲದ್ದನ್ನೆಲ್ಲ, ಪ್ಯಾಟರ್ನಿಗೆ ಹೊಂದುವುದನ್ನು ಬದಲಿಸುವ ಪ್ರೆಗ್_ರಿಪ್ಲೇಸ್‌ನಿಂದ ಅಳಿಸುವುದು ಬಹಳ ಜನ ಹಿಡಿಯುವ ದಾರಿ. ನಿಮ್ಮ ಸಾಲಿನಲ್ಲಿ ಅದು 25755050 ಕೊಡುತ್ತದೆ. ಚೀಲ, ರೂಪಾಯಿ, ಪೈಸೆ ಎಲ್ಲ ಅಂಟಿಕೊಂಡು ಒಂದೇ ಸಂಖ್ಯೆ. ಹೊಂದುವ ತುಂಡುಗಳನ್ನೆಲ್ಲ ಹುಡುಕುವ ಪ್ರೆಗ್_ಮ್ಯಾಚ್_ಆಲ್‌ಗೆ [0-9.,]+ ಕೊಟ್ಟರೂ ನಾಲ್ಕು ತುಂಡು ಸಿಗುತ್ತವೆ: 25, ‘ಚೀಲ’ದ ಮುಂದಿನ ಅಲ್ಪವಿರಾಮ, ‘ರೂ.’ದ ಚುಕ್ಕೆ, ಕೊನೆಗೆ ದರ.

ಎಷ್ಟನೇ ಸಂಖ್ಯೆ ಎಂದು ಎಣಿಸಬೇಡಿ, ಅದರ ಹಿಂದೆ ಏನಿದೆ ಎಂದು ನೋಡಿ. ಪ್ರೆಗ್_ಮ್ಯಾಚ್‌ಗೆ ಈ ಪ್ಯಾಟರ್ನ್ ಕೊಡಿ:

/(?:ರೂ\.?|₹) *([0-9][0-9,]*(?:\.[0-9]+)?)/

ಮೂರನೇ ಆರ್ಗ್ಯುಮೆಂಟ್ ಆಗಿ $ಸಿಕ್ಕಿದ್ದು ಕೊಟ್ಟರೆ (ವೇರಿಯಬಲ್‌ಗೆ ಕನ್ನಡ ಹೆಸರು ಇಟ್ಟರೂ ಪಿಎಚ್‌ಪಿ ಒಪ್ಪುತ್ತದೆ) $ಸಿಕ್ಕಿದ್ದು[1]ರಲ್ಲಿ 7,550.50 ಇರುತ್ತದೆ. [0] ತೆಗೆದುಕೊಂಡರೆ ‘ರೂ.’ ಕೂಡ ಜೊತೆಗೆ ಬರುತ್ತದೆ. ಎಸ್‌ಟಿಆರ್_ರಿಪ್ಲೇಸ್‌ನಿಂದ ಅಲ್ಪವಿರಾಮ ತೆಗೆದು, ಆಮೇಲೆ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ. ಚುಕ್ಕೆ ಆದ ಕೂಡಲೇ ಅಂಕಿ ಬರಬೇಕು ಎಂದು ಪ್ಯಾಟರ್ನ್ ಕೇಳುವುದರಿಂದ ವಾಕ್ಯದ ಕೊನೆಯ ಪೂರ್ಣವಿರಾಮ ಸೇರಿಕೊಳ್ಳುವುದಿಲ್ಲ.

ಪ್ರೆಗ್_ಮ್ಯಾಚ್ ಮರಳಿಸಿದ್ದು 1 ಹೌದೋ ಅಲ್ಲವೋ ಎಂದು ಮೂರು ಸಮ ಚಿಹ್ನೆ (===) ಹಾಕಿ ನೋಡಲೇಬೇಕು. ಇಲ್ಲದಿದ್ದರೆ ದರವೇ ಇಲ್ಲದ ಮೆಸೇಜಿಗೆ ಒಂದು ವಾರ್ನಿಂಗ್ ಬಂದು, ಸೊನ್ನೆ ರೂಪಾಯಿಯ ಬಿಲ್ ತಯಾರಾಗುತ್ತದೆ.

ಕೆಲವರು ೭,೫೫೦ ಎಂದು ಕನ್ನಡ ಅಂಕಿಯಲ್ಲೇ ಕಳಿಸುತ್ತಾರೆ. ಪಿಎಚ್‌ಪಿಗೆ ಅದು ಸಂಖ್ಯೆಯಲ್ಲ. ಇಂಟ್ ಮಾಡಿದರೆ 0. ಮೊದಲೇ ಎಸ್‌ಟಿಆರ್_ರಿಪ್ಲೇಸ್‌ಗೆ ೦ಯಿಂದ ೯ರ ಒಂದು ಅರೇ, 0ಯಿಂದ 9ರ ಇನ್ನೊಂದು ಅರೇ ಕೊಟ್ಟು ಬದಲಿಸಿಕೊಳ್ಳುವುದೇ ವಾಸಿ. ಪ್ಯಾಟರ್ನಿನಲ್ಲೇ [೦-೯] ಬರೆಯುವುದಾದರೆ ಕೊನೆಯ ಓರೆಗೆರೆಯ (/) ಆಚೆ ‘ಯು’ (u) ಗುರುತು ಬೇಕೇ ಬೇಕು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಗುರುತು ಇಲ್ಲದಿದ್ದರೆ ಹೋಲಿಕೆ ಬೈಟ್ ಲೆಕ್ಕದಲ್ಲಿ ನಡೆದು, ಅಕ್ಷರಗಳ ಚೂರೂ ಅಂಕಿ ಎಂದು ಸಿಕ್ಕಿಬೀಳುತ್ತದೆ. ‘ಯು’ ಹಾಕಿದ ಮೇಲೆ ಇನ್ನೊಂದು ತೊಡಕು: ಸಬ್‌ಎಸ್‌ಟಿಆರ್‌ನಿಂದ ಮೆಸೇಜ್ ಕತ್ತರಿಸಿ, ಅಕ್ಷರ ನಡುವೆಯೇ ತುಂಡಾಗಿದ್ದರೆ ಪ್ರೆಗ್_ಮ್ಯಾಚ್ 0 ಅಲ್ಲ, ಫಾಲ್ಸ್ ಕೊಡುತ್ತದೆ. ಕತ್ತರಿಸಲು ಎಂಬಿ_ಸಬ್‌ಎಸ್‌ಟಿಆರ್ ಬಳಸಿ.

ಮೈನಸ್ ಚಿಹ್ನೆಗೆಂದು ಪ್ಯಾಟರ್ನಿಗೆ -? ಸೇರಿಸಬೇಡಿ, ದರ ಋಣವಾಗುವುದಿಲ್ಲ. ವಿಳಾಸದ ಸಾಲಿಗೆ -?[0-9]+ ಎಂಬ ಪ್ಯಾಟರ್ನ್ ಓಡಿಸಿದರೆ ‘ಕಲಬುರಗಿ-585101’ದಿಂದ -585101 ಬರುತ್ತದೆ. ಪಿನ್‌ಕೋಡ್, ಫೋನ್ ನಂಬರುಗಳನ್ನು ಇಂಟ್ ಮಾಡದೆ ಸ್ಟ್ರಿಂಗ್ (ಪಠ್ಯ) ಆಗಿಯೇ ಇಡಿ. ಎಸ್‌ಟಿಡಿ ಕೋಡಿನ ಮುಂದಿನ ಸೊನ್ನೆ ಇಂಟ್‌ನಲ್ಲಿ ಉಳಿಯುವುದಿಲ್ಲ.